ಐದನೆಯವನನ್ನು ಹುಡುಕುವುದಿಲ್ಲ

ದಾಲ್ಚಿನ್ನಿಯ ವಾಸನೆ ಇನ್ನೂ ಹೋಗಿಲ್ಲ, ಮಧ್ಯಾಹ್ನ ಮಕ್ಕಳಿಗೆ ಬಡಿಸಿದ ಮಾಂಸ-ಕಾಳಿನ ಖಾರದ ಚಿಲಿ, ಅದರ ಜೊತೆಗೆ ಕೊಟ್ಟ ದಾಲ್ಚಿನ್ನಿ ಬನ್ನು, ಸಂಜೆ ಏಳಾದರೂ ಶಾಲೆಯ ಊಟದ ಹಾಲ್‌ನ ತುಂಬ ಅದೇ ಘಮ, ಒಬ್ಬ ಮನುಷ್ಯನ ಕೆಲಸ ಕಿತ್ತುಕೊಳ್ಳಲು ಸೇರಿದ ಜಾಗದಲ್ಲಿ ಇಷ್ಟು ಒಳ್ಳೆಯ ವಾಸನೆ ಇರಬಾರದು, ಹೊಟ್ಟೆ ಬೇರೆ ಚುರುಗುಟ್ಟುತ್ತಿದೆ, ಮಾರ್ಲಿಸ್ ಕುಚೆರಾ ಮಕ್ಕಳ ತಗ್ಗು ಬೆಂಚಿನ ಮೇಲೆ ಮೊಣಕಾಲು ಮಡಿಚಿ ಕುಳಿತು ತನ್ನ ಹೊಟ್ಟೆಗೇ ಗದರಿದಳು, ಸುಮ್ಮನಿರು, ಒಂಬತ್ತನೆಯ ವಿಷಯ ಬರಲಿ. ಒಂಬತ್ತನೆಯ ವಿಷಯ — ಫುಟ್‌ಬಾಲ್ ಮುಖ್ಯ ಕೋಚ್ ಡಾರಿಲ್ ಪ್ರೂಯಿಟ್ ಅವರನ್ನು ಮುಂದಿನ ವರ್ಷ ಮುಂದುವರಿಸದಿರುವುದು — ಅಷ್ಟೇ, ಒಂದು ಸಾಲು, ಅದಕ್ಕೆ ಇನ್ನೂರು ಜನ ಬಂದಿದ್ದಾರೆ, ಹೋದ ತಿಂಗಳು ಇದೇ ಹಾಲ್‌ನ ಮಾಡು ಸೋರುತ್ತದೆ ಎಂಬ ವಿಷಯಕ್ಕೆ ಬಂದವರು ಮೂವರು, ಅದರಲ್ಲೊಬ್ಬ ಮಾಡು ರಿಪೇರಿಯವನು. ಎದುರಿಗೆ ಜೋಡಿಸಿಟ್ಟ ಮೇಜುಗಳ ಹಿಂದೆ ಶಾಲಾ ಮಂಡಳಿಯ ಏಳು ಜನ, ನಟ್ಟನಡುವೆ ಅಧ್ಯಕ್ಷ ರಸ್ ಡೆಟ್ಮರ್, ಊರಿನ ಧಾನ್ಯ ಸೊಸೈಟಿಯ ಮ್ಯಾನೇಜರು, ಒಂದನೇ ಕ್ಲಾಸಿನಿಂದ ಅವಳ ಸಹಪಾಠಿ, ಅರ್ಧ ಗಂಟೆಯ ಹಿಂದೆ ಹೊರಗೆ ಪಿಕಪ್ಪಿನ ಬಾಗಿಲಿಗೆ ಒರಗಿಕೊಂಡು, ಕ್ಯಾನ್ಸಸ್ಸಿನ ಡಿಸೆಂಬರ್ ಗಾಳಿಗೆ ಟೋಪಿ ಹಿಡಿದುಕೊಂಡು ಹೇಳಿದ್ದ, ನೋಡೇ ಮಾರ್ಲಿಸ್, ಕ್ರೀಡಾ ವಿಭಾಗದ ಮುಖ್ಯಸ್ಥೆ ನೀನು, ಶಿಫಾರಸು ಮಾಡಲ್ಲ ಅಂತ ಒಂದು ಮಾತು ಹೇಳ್ಬಿಡು, ಉಳಿದದ್ದು ನಾವು ನೋಡ್ಕೋತೀವಿ, ಸುಮ್ನೆ ಎಳೆದಾಡೋದು ಬೇಡ, ನಿನ್ನ ಕೆಲಸದ ಕಾಗದಾನೂ ಮಾರ್ಚ್‌ನಲ್ಲಿ ನಮ್ಮ ಮೇಜಿಗೇ ಬರುತ್ತಲ್ವಾ. ಹಾಗೆ ಹೇಳಿ ನಕ್ಕಿದ್ದ, ಬಾಲ್ಯದಲ್ಲಿ ಅವಳ ಊಟದ ಡಬ್ಬಿಯಿಂದ ಬನ್ನು ಕದ್ದು ನಗುತ್ತಿದ್ದ ಹಾಗೆಯೇ. ಹೇಳುತ್ತೇನೆ ಕಣೋ, ಒಂದಲ್ಲ, ಹತ್ತು ಮಾತು ಹೇಳುತ್ತೇನೆ, ನಿನ್ನ ಸರದಿ ಬರಲಿ.

ಪ್ರೂಯಿಟ್ ಇಲ್ಲಿಲ್ಲ, ಅದೇ ತಮಾಷೆ, ಅವನನ್ನು ತೆಗೆಯಲು ಊರು ಸೇರಿದ ಹೊತ್ತಿಗೆ ಅವನು ಊರಿನ ಏಳನೇ ಕ್ಲಾಸಿನ ಹುಡುಗಿಯರನ್ನು ಬ್ಯಾಸ್ಕೆಟ್‌ಬಾಲ್ ಪಂದ್ಯಕ್ಕೆ ಶಾಲೆಯ ಬಸ್ಸಿನಲ್ಲಿ ಅರವತ್ತು ಮೈಲಿ ಕರೆದುಕೊಂಡು ಹೋಗಿದ್ದಾನೆ, ಓಡಿಸುವವರು ಬೇರೆ ಯಾರೂ ಸಿಗಲಿಲ್ಲ, ಕೋಚ್, ನೀವು ಓಡಿಸ್ತೀರಾ, ಓಡಿಸ್ತೀನಿ ಮೇಡಂ. ಎಲ್ಲಕ್ಕೂ ಅದೇ ಉತ್ತರ, ಮೈದಾನಕ್ಕೆ ಗೆರೆ ಹೊಡೀತೀರಾ, ಹೊಡೀತೀನಿ, ಹುಡುಗರ ಅಂಗಿ ಒಗೀತೀರಾ, ಒಗೀತೀನಿ, ಏಳನೇ ಕ್ಲಾಸಿಗೆ ಭೂಗೋಳ ಮಾಡ್ತೀರಾ, ಮಾಡ್ತೀನಿ, ಯಾಕೆಂದರೆ ಕೋಚ್‌ನನ್ನು ಬರೀ ಕೋಚ್ ಎಂದು ಕೆಲಸಕ್ಕೆ ತೆಗೆದುಕೊಳ್ಳಲು ಆಗುವುದಿಲ್ಲ, ಒಬ್ಬ ಮೇಷ್ಟರ ಜಾಗ ಖಾಲಿಯಾಗಬೇಕು, ಆ ಜಾಗಕ್ಕೆ ಕೋಚ್ ಬರಬೇಕು, ಪಾಪ ಭೂಗೋಳ, ನಾಲ್ಕು ವರ್ಷದಲ್ಲಿ ನಾಲ್ಕು ಜನರ ಕೈಗೆ ಸಿಕ್ಕಿ ಈ ಡೋರ್ನಿಕ್ ಊರಿನ ಮಕ್ಕಳಿಗೆ ಸಮುದ್ರ ಯಾವ ಕಡೆ ಇದೆ ಎಂಬುದೂ ಗೊತ್ತಿಲ್ಲ. ಐದು ವಾರ ಆಯಿತು ಆ ಶುಕ್ರವಾರಕ್ಕೆ, ಗೆದ್ದಿದ್ದರೆ ಆರು ವರ್ಷದಲ್ಲಿ ಮೊದಲ ಸಲ ಮುಂದಿನ ಸುತ್ತು, ನಾಲ್ಕು ಅಂಕ ಹಿಂದೆ, ಏಳು ಸೆಕೆಂಡು ಬಾಕಿ, ದಾಟಿದರೆ ಆರು ಅಂಕ ಸಿಗುವ ಗೆರೆಗೆ ಎರಡೇ ಎರಡು ಗಜ, ಅವಳು ಮೈದಾನದ ಅಂಚಿನಲ್ಲಿ ಪ್ರೂಯಿಟ್‌ಗೆ ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದಳು, ಅವನು ಕೂಗಿದ ಅಂಕೆ ಅವಳ ಕಿವಿಗೆ ಸ್ಪಷ್ಟವಾಗಿ ಬಿತ್ತು, ಮೂವತ್ತನಾಲ್ಕು. ಸಮ ಸಂಖ್ಯೆ, ಅಂದರೆ ಎಲ್ಲರೂ ಬಲಕ್ಕೆ. ಹತ್ತು ಹುಡುಗರು ಬಲಕ್ಕೆ ನುಗ್ಗಿದರು, ಹೆಲ್ಮೆಟ್ಟಿಗೆ ಹೆಲ್ಮೆಟ್ಟು ಬಡಿದ ಸದ್ದು, ಚೆಂಡು ಹಿಡಿದ ಹುಡುಗ ಬಲಕ್ಕೆ ತಿರುಗಿ ಎರಡೂ ಕೈಯಲ್ಲಿ ಆ ಮೊಟ್ಟೆಯಾಕಾರದ ಚೆಂಡನ್ನು ನೀಡಿದ, ತೆಗೆದುಕೊಳ್ಳುವವನೇ ಅಲ್ಲಿಲ್ಲ, ಅದು ಹುಲ್ಲಿನ ಮೇಲೆ ಬಿತ್ತು, ಎದುರಾಳಿಗಳು ಅದರ ಮೇಲೆ ಬಿದ್ದರು, ಅಷ್ಟು ಹೊತ್ತಿಗೆ ಎಡಗಡೆ ಒಬ್ಬನೇ ಒಬ್ಬ, ಬೋ ಸ್ವೊಬೊದಾ, ಊರಿನ ಅತ್ಯಂತ ಗಟ್ಟಿ ಓಟಗಾರ, ತಲೆ ತಗ್ಗಿಸಿ, ಎರಡೂ ತೋಳುಗಳಿಂದ ಇಲ್ಲದ ಚೆಂಡನ್ನು ಎದೆಗೆ ಅವಚಿಕೊಂಡು ಓಡುತ್ತಿದ್ದ, ಯಾರೂ ತಡೆಯಲಿಲ್ಲ, ಗೆರೆ ದಾಟಿದ, ದಾಟಿ ತಲೆಯೆತ್ತಿದ. ಒಂದು ಕ್ಷಣ ಅವನ ಮುಖದಲ್ಲಿ ಗೆದ್ದ ಖುಷಿ ಇತ್ತು, ಅದನ್ನು ಅವಳು ನೋಡಿದಳು, ಅದೊಂದನ್ನು ನೋಡದೆ ಇದ್ದಿದ್ದರೆ ಚೆನ್ನಾಗಿತ್ತು.

ತಪ್ಪು ನಂದು, ಅಂದಿದ್ದ ಪ್ರೂಯಿಟ್, ಬೇಲಿಯ ಹತ್ತಿರ ನಿಂತು, ಕೂಗಾಡುತ್ತಿದ್ದ ಜನರಿಗೆ, ಕೊನೇ ಗಳಿಗೇಲಿ ಅಂಕೆ ಬದಲಾಯಿಸ್ದೆ, ಬೋಗೆ ಒಂದು ಹೇಳ್ದೆ, ಉಳಿದವರಿಗೆ ಇನ್ನೊಂದು, ಹುಡುಗ ನಾನು ಹೇಳಿದ್ದನ್ನೇ ಮಾಡ್ದ. ಮರುದಿನ ಬೆಳಿಗ್ಗೆ ಸೊಸೈಟಿಯ ಕಾಫಿಗೂ ಬಂದ, ಪಂದ್ಯದ ಮರುದಿನ ಆರು ಗಂಟೆಗೆ ಕೋಚ್ ಅಲ್ಲಿಗೆ ಬಂದು ಗೊಬ್ಬರದ ಮೂಟೆಗಳ ನಡುವೆ ನಿಂತು ಕಾಫಿ ಕುಡಿಯುತ್ತಾ ಬೈಸಿಕೊಳ್ಳಬೇಕು, ಅದು ಈ ಊರಿನ ಪದ್ಧತಿ, ಹಿಂದೆ ಕೋಚ್ ಆಗಿದ್ದ ಮೀಡ್ ಎಂಬವನು ಬರಲಿಲ್ಲ ಎಂದೇ ಅವನ ಕಥೆ ಮುಗಿಯಿತು, ಪ್ರೂಯಿಟ್ ಬಂದ, ಬಂದು ಎಲ್ಲರ ಮುಂದೆ ಅದೇ ಸುಳ್ಳನ್ನು ಮತ್ತೊಮ್ಮೆ ಹೇಳಿದ, ಏನ್ ಕೋಚ್, ಎರಡು ಅಂಕೆ ನೆಟ್ಟಗೆ ಹೇಳಕ್ಕೆ ಬರಲ್ವಾ ಅಂತ ರಸ್ ಕೇಳಿದರೆ, ಬರಲ್ಲ ಸರ್, ಅದಕ್ಕೇ ಗಣಿತ ಬಿಟ್ಟು ಭೂಗೋಳ ಹಿಡಿದೆ ಅಂದ, ಯಾರೂ ನಗಲಿಲ್ಲ. ಅವಳು ಅವನನ್ನು ಹಿಡಿದದ್ದು ಮಧ್ಯಾಹ್ನ, ಶಾಲೆಯ ಬಟ್ಟೆ ಒಗೆಯುವ ಕೋಣೆಯಲ್ಲಿ, ನಾಲ್ಕನೆಯ ಲೋಡು ತಿರುಗುತ್ತಿತ್ತು, ಅವನು ಮೊಣಕಾಲ ಪ್ಯಾಡುಗಳನ್ನು ಒಂದೊಂದಾಗಿ ಕಿತ್ತು ಬುಟ್ಟಿಗೆ ಹಾಕುತ್ತಿದ್ದ. ನಾನು ಕೇಳಿಸಿಕೊಂಡೆ ಡಾರಿಲ್, ನೀವು ಸರಿಯಾಗೇ ಹೇಳಿದ್ರಿ. ಅವನು ಇನ್ನೊಂದು ಪ್ಯಾಡು ಕಿತ್ತ. ಯಾರಿಗೂ ಹೇಳಬೇಡಿ ಮೇಡಂ. ಊರೆಲ್ಲ ನಿಮ್ಮನ್ನು ಹರಿದು ತಿನ್ನುತ್ತೆ. ತಿನ್ಲಿ, ನಾನು ನಲವತ್ತೊಂದು ವರ್ಷದೋನು, ಅವನಿಗೆ ಹದಿನೇಳು, ಈ ಊರಲ್ಲೇ ಇರೋನು ಅವನು, ಅಪ್ಪನ ಗ್ಯಾರೇಜು, ಇದೇ ಚರ್ಚು, ಇದೇ ಕಾಫಿ, ಎಪ್ಪತ್ತು ವರ್ಷ ಆದ್ಮೇಲೂ ಎಡಕ್ಕೆ ಓಡಿದ ಬೋ ಅಂತಾರೆ, ನಾನಾದ್ರೆ ಇನ್ನೊಂದು ಊರು ನೋಡ್ಕೋತೀನಿ, ನೀವು ಹೇಳಿದ್ರೆ ನಾನೇ ಬಿಟ್ಟು ಹೋಗ್ತೀನಿ, ನಿಮಗೆ ನನ್ನಾಣೆ. ಇನ್ನೊಂದು ಊರು. ಅವನ ಹೆಂಡತಿ ಜೆನೆಲ್ ಯಾವ ಊರಿನಲ್ಲೂ ಎರಡನೆಯ ವರ್ಷದ ತನಕ ಗೋಡೆಗೆ ಮೊಳೆ ಹೊಡೆಯುವುದಿಲ್ಲವಂತೆ, ಫೋಟೋಗಳೆಲ್ಲ ರಟ್ಟಿನ ಪೆಟ್ಟಿಗೆಯಲ್ಲೇ, ಕೋಚ್‌ಗಳ ಹೆಂಡತಿಯರು ಒಬ್ಬರಿಗೊಬ್ಬರು ಹೇಳಿಕೊಡುವ ಮಾತಂತೆ ಅದು, ಇಲ್ಲಿ ಮಾತ್ರ ಅಕ್ಟೋಬರಿನಲ್ಲೇ ಹೊಡೆದಳು, ಹನ್ನೊಂದು ಮೊಳೆ, ಎಣಿಸಿ ತೋರಿಸಿದ್ದಳು, ನೋಡಿ ಮಾರ್ಲಿಸ್, ನಂಗೆ ಧೈರ್ಯ ಬಂದ್ಬಿಟ್ಟಿದೆ. ಅವಳ ಧೈರ್ಯದ ಮೇಲೆ ಈಗ ಏಳು ಜನ ಕೈ ಎತ್ತಬೇಕು.

ಹಿಂದಿನ ಬೆಂಚಿನಲ್ಲಿ ಕೆಮ್ಮಿದ್ದು ವಿರ್ಜಿಲ್ ಹಾಪ್ಟ್, ತಿರುಗಿ ನೋಡಬೇಕಾಗಿಲ್ಲ, ಆ ಕೆಮ್ಮು ಕೇಳಿದರೆ ಇಲ್ಲಿನ ಅರ್ಧ ಗಂಡಸರ ಬೆನ್ನು ತಾನಾಗಿ ನೆಟ್ಟಗಾಗುತ್ತದೆ, ಮೂವತ್ತೆರಡು ವರ್ಷ ಈ ಊರಿನ ಕೋಚ್, ರಸ್‌ನ ಕೋಚ್, ಲೈಲ್ ಸ್ವೊಬೊದಾನ ಕೋಚ್, ಬೋನ ಮೊದಲ ವರ್ಷದ ಕೋಚ್, ಆಮೇಲೆ ಮೊಣಕಾಲು ಕೈಕೊಟ್ಟು ಬಿಟ್ಟ, ಹದಿನಾರು ವರ್ಷದವಳಾಗಿದ್ದಾಗ ಇವಳೇ ಅವನ ಪಕ್ಕದಲ್ಲಿ ನಿಂತು ಯಾರು ಎಷ್ಟು ಗಜ ಓಡಿದರು ಎಂದು ಬರೆದುಕೊಳ್ಳುತ್ತಿದ್ದಳು, ಅವನ ಮೇಲೆ ಗೌರವವಿದೆ, ಸಿಟ್ಟೂ ಇದೆ, ಇವತ್ತು ಸಿಟ್ಟೇ ಹೆಚ್ಚು. ಇಡೀ ದೇಶದಲ್ಲಿ ಸಮ ಸಂಖ್ಯೆ ಅಂದರೆ ಬಲ, ಬೆಸ ಅಂದರೆ ಎಡ, ಹಾಪ್ಟ್ ಮಾತ್ರ ಮೊದಲನೆಯ ವರ್ಷ ಮೊದಲನೆಯ ದಿನ ಕರಿಹಲಗೆಯ ಮೇಲೆ ತಿರುಗಾಮುರುಗಾ ಬರೆದುಬಿಟ್ಟಿದ್ದ, ತಪ್ಪಾಯಿತು ಎಂದು ಒರೆಸುವ ಜಾಯಮಾನ ಅಲ್ಲ ಅವನದು, ಇದು ನಮ್ಮ ರೀತಿ ಅಂದ, ಸರಿ, ಊರಿಗೆ ಊರೇ ಮೂವತ್ತೆರಡು ವರ್ಷ ಅದನ್ನೇ ಕಲಿಯಿತು, ಗೆದ್ದಿತು ಕೂಡ, ಗೆದ್ದ ಮೇಲೆ ಕೇಳಬೇಕೇ, ಅಪ್ಪಂದಿರು ಅಂಗಳದಲ್ಲಿ ಐದು ವರ್ಷದ ಮಕ್ಕಳಿಗೆ ಎಬಿಸಿಡಿಗಿಂತ ಮುಂಚೆ ಅದನ್ನೇ ಹೇಳಿಕೊಟ್ಟರು. ಹಾಪ್ಟ್ ಆದ ಮೇಲೆ ಬಂದವನು ಮೀಡ್, ಚೆಂಡನ್ನು ಓಡಿಸುವ ಬದಲು ಎಸೆಯುತ್ತಾನೆ ಎಂದು ಊರು ಮುನಿಯಿತು, ಕಾಫಿಗೆ ಬರಲಿಲ್ಲ ಎಂದು ಇನ್ನೂ ಮುನಿಯಿತು, ಆಗ ಇವಳೇ, ಮಾರ್ಲಿಸ್ ಕುಚೆರಾಳೇ, ಇದೇ ಬೆಂಚಿನಿಂದ ಎದ್ದು ಶಿಫಾರಸು ಮಾಡಲ್ಲ ಎಂದಿದ್ದಳು, ರಸ್ ಹೇಳಿಕೊಟ್ಟ ಸಾಲನ್ನೇ, ಗಿಣಿಯ ಹಾಗೆ, ಮೀಡ್ ಅವಳ ಕೈ ಕುಲುಕಿ ಹೋದ, ಆ ಕೈ ಎರಡು ದಿನ ಬೆಚ್ಚಗಾಗಲಿಲ್ಲ. ಆಮೇಲೆ ವೇಲ್, ಒಳ್ಳೆಯ ಹುಡುಗ, ಬಾಡಿಗೆಗೆ ಮನೆ ಸಿಗಲಿಲ್ಲ, ಹೆಂಡತಿಗೆ ಕೆಲಸ ಸಿಗಲಿಲ್ಲ, ಎರಡು ಎಳೆ ಮಕ್ಕಳನ್ನು ನೋಡಿಕೊಳ್ಳುವವರು ಸಿಗಲಿಲ್ಲ, ಹತ್ತು ತಿಂಗಳು ನಿಂತು ಹೋದ, ಅವನು ಹೋದದ್ದು ಮಕ್ಕಳ ಡೈಪರಿನಿಂದ, ಆಟದಿಂದಲ್ಲ, ಆದರೂ ಊರು ಹೇಳಿದ್ದು ಅವನಿಗೆ ಗಟ್ಟಿತನ ಇಲ್ಲ ಅಂತ. ಹೋದ ವಸಂತದಲ್ಲಿ ಮತ್ತೆ ಜಾಹೀರಾತು, ಹಾಪ್ಟ್ ಬಿಟ್ಟಾಗ ನಲವತ್ತು ಅರ್ಜಿ ಬಂದಿದ್ದವು, ಈ ಸಲ ಮೂರು, ಒಬ್ಬ ತಾನು ಚಿಕ್ಕಂದಿನಿಂದ ಕನಸು ಕಂಡ ಊರು ಎಂದು ಬೇರೆ ಊರಿನ ಹೆಸರು ಬರೆದಿದ್ದ, ಇನ್ನೊಬ್ಬ ಸಂದರ್ಶನಕ್ಕೆ ಬರುವ ದಾರಿಯಲ್ಲೇ ಇನ್ನೆಲ್ಲೋ ಕೆಲಸ ಸಿಕ್ಕಿ ವಾಪಸು ತಿರುಗಿದ, ಮೂರನೆಯವನು ಪ್ರೂಯಿಟ್. ಮಂಡಳಿ ಅವನನ್ನು ಕೇಳಿದ್ದು ಒಂದೇ ಪ್ರಶ್ನೆ, ಚೆಂಡು ಓಡಿಸ್ತೀರೋ ಎಸೀತೀರೋ, ಓಡಿಸ್ತೀನಿ ಅಂದ, ರಸ್ ಬನ್ನಿನ ತಟ್ಟೆ ಅವನ ಕಡೆ ತಳ್ಳಿದ, ಆಯ್ತು ಸಂದರ್ಶನ.

ಈಗ ಮೈಕಿನ ಮುಂದೆ ಸಾಲು, ತಲೆಗೆ ಮೂರು ನಿಮಿಷ, ಅಡುಗೆಮನೆಯಿಂದ ತಂದ ಮೊಟ್ಟೆ ಬೇಯಿಸುವ ಗಡಿಯಾರ ರಸ್‌ನ ಮುಂದೆ, ಮೊದಲು ಟ್ರಾಕ್ಟರ್ ಮಾರುವವನು, ನಂಗೆ ಕೋಚ್ ಮೇಲೆ ವೈಯಕ್ತಿಕವಾಗಿ ಏನೂ ಇಲ್ಲ — ಹಾಗೆ ಶುರು ಮಾಡುವವರೆಲ್ಲರಿಗೂ ವೈಯಕ್ತಿಕವಾಗಿಯೇ ಇರುತ್ತದೆ — ಆದ್ರೆ ಒಂದು ಅಂಕೆ ಹೇಳಕ್ಕೆ ಬರದೋನ ಕೈಗೆ ನನ್ನ ಮೊಮ್ಮಗನ್ನ ಕೊಡಲ್ಲ, ಚಪ್ಪಾಳೆ. ಆಮೇಲೆ ಹೂವಿನ ಅಂಗಡಿಯಾಕೆ, ಅವರ ಹೆಂಡತಿ ಕ್ಲಿನಿಕ್ಕಿನಲ್ಲಿ ನಮ್ಮತ್ತೇನ ಎಷ್ಟು ಚೆನ್ನಾಗಿ ನೋಡ್ಕೊಂಡ್ಳು ಅಂದ್ರೆ, ಎಂದು ಶುರು ಮಾಡಿದಳು, ಹಿಂದಿನಿಂದ ಯಾರೋ, ಹಂಗಾದ್ರೆ ಹೆಂಡ್ತೀನೇ ಕೋಚ್ ಮಾಡಿ, ನಗು, ಆಕೆ ತಿರುಗಿ, ಮಾಡಿದ್ರೆ ನಿನಗಿಂತ ಚೆನ್ನಾಗೇ ಗೆಲ್ತಾಳೆ ಕಣೋ, ನೀನು ಆಡೋವಾಗ ಬೆಂಚು ಕಾಯ್ತಿದ್ದೋನು, ಇನ್ನೂ ದೊಡ್ಡ ನಗು, ಗಡಿಯಾರ ಗಂಟೆ ಹೊಡೆಯಿತು. ಮಾರ್ಲಿಸ್‌ಗೂ ನಗು ಬಂತು, ಬಂದದ್ದಕ್ಕೆ ಸಿಟ್ಟೂ ಬಂತು, ಇದೇ ಜನ, ಇವಳ ಗಂಡ ಹಾಸಿಗೆ ಹಿಡಿದ ವರ್ಷ ಇವರೇ ಬಂದು ಗೋಧಿ ಕೊಯ್ದು ಕೊಟ್ಟರು, ಹನ್ನೆರಡು ಯಂತ್ರ, ಒಂದೇ ದಿನ, ಕೇಳಿರಲೂ ಇಲ್ಲ, ಅಂಥ ಜನರನ್ನು ದ್ವೇಷಿಸಲು ಆಗುವುದಿಲ್ಲ, ಹೆದರಲು ಮಾತ್ರ ಆಗುತ್ತದೆ, ಇನ್ನು ಸಾಕು, ಹೆದರಿದ್ದೂ ಸಾಕು, ಮೀಡ್‌ನ ಕಾಲಕ್ಕೇ ಅದರ ಪಾಲು ಮುಗಿಯಿತು.

ಮೇಜಿನ ತುದಿಯಲ್ಲಿ ಲೈಲ್ ಸ್ವೊಬೊದಾ, ಬೋನ ಅಪ್ಪ, ಮಂಡಳಿಗೆ ಬಂದು ಎರಡು ವರ್ಷವಾದರೂ ಎರಡು ವಾಕ್ಯ ಆಡಿದವನಲ್ಲ, ಕೊಯ್ಲಿನ ಯಂತ್ರಗಳನ್ನು ರಿಪೇರಿ ಮಾಡುವ ಕೈಗಳು ಅವನವು, ಗೆರೆಗೆರೆಯಲ್ಲೂ ಎಣ್ಣೆ ಕೂತಿದೆ, ಸೋಪಿಗೆ ಜಗ್ಗುವುದಿಲ್ಲ, ಆ ಕೈಗಳು ಕಾಗದದ ಲೋಟವನ್ನು ತಿರುಗಿಸುತ್ತಿವೆ, ನಿಲ್ಲಿಸುತ್ತಿವೆ, ಮತ್ತೆ ತಿರುಗಿಸುತ್ತಿವೆ. ಹನ್ನೆರಡು ವರ್ಷದ ಹಿಂದೆ ಇರಬೇಕು, ಅವಳು ಅವರ ಬೀದಿಯಲ್ಲಿ ಕಾರು ನಿಧಾನ ಮಾಡಿದ್ದಳು, ಅಂಗಳದಲ್ಲಿ ಲೈಲ್, ಎದುರಿಗೆ ಚೋಟುದ್ದದ ಹುಡುಗ, ತಲೆಗಿಂತ ಹೆಲ್ಮೆಟ್ಟೇ ದೊಡ್ಡದು, ಇಪ್ಪತ್ತೆರಡು ಅಂದ ಲೈಲ್, ಹುಡುಗ ನಿಂತಲ್ಲೇ ನಿಂತ, ಲೈಲ್ ತೋಳು ಚಾಚಿ ಎಡಕ್ಕೆ ತೋರಿಸಿದ, ಸಮ ಅಂದ್ರೆ ಎಡ ಕಣೋ ಬೋ, ಸಮ ಅಂದ್ರೆ ಎಡ, ಹುಡುಗ ಓಡಿದ, ಹುಲ್ಲಿನಲ್ಲಿ ಬಿದ್ದ, ಎದ್ದ, ನಲವತ್ತಾರು, ಮತ್ತೆ ಎಡಕ್ಕೆ, ಲೈಲ್ ಎರಡೂ ಕೈ ಮೇಲೆತ್ತಿ ಕೂಗಿದ, ಗೆದ್ದೆ ಮಗನೇ. ಅದು ಹೋಗುವುದಿಲ್ಲ, ಮೊದಲು ಒಳಗೆ ಇಳಿದದ್ದು ಹೋಗುವುದೇ ಇಲ್ಲ, ಅವಳ ಅಮ್ಮ ಎಪ್ಪತ್ತು ವರ್ಷ ಬರೀ ಇಂಗ್ಲಿಷು ಮಾತಾಡಿ, ಕೊನೆಯ ವಾರ ಆಸ್ಪತ್ರೆಯ ಮಂಚದ ಮೇಲೆ ಅದನ್ನೆಲ್ಲ ಮರೆತು ಅಜ್ಜಿ ಯೂರೋಪಿನಿಂದ ತಂದಿದ್ದ ಬೊಹೆಮಿಯಾದ ಮಾತಿನಲ್ಲಿ ನೀರು ಕೇಳಿದಳು, ನರ್ಸ್‌ಗೆ ತಿಳಿಯಲಿಲ್ಲ, ಮಗಳಿಗೂ ಅಷ್ಟಕ್ಕಷ್ಟೇ, ಒಂದು ಲೋಟ ನೀರಿಗೆ ಕಾಲು ಗಂಟೆ ಬೇಕಾಯಿತು. ಬೋ ಇಡೀ ಋತು ಸಮಕ್ಕೆ ಬಲಕ್ಕೇ ಓಡಿದ್ದ, ಒಂದು ಸಲವೂ ತಪ್ಪಲಿಲ್ಲ, ಕೊನೆಯ ಏಳು ಸೆಕೆಂಡಿನಲ್ಲಿ, ಕಾಲು ಸೋತು, ಕಿವಿಯಲ್ಲಿ ಊರಿನ ಕೂಗು ತುಂಬಿ, ಒಳಗಿನಿಂದ ಎದ್ದದ್ದು ಅಂಗಳದ ಮಾತು, ಖಾಲಿ ತೋಳು ಎದೆಗೆ, ಗೆರೆಯಾಚೆ, ಆ ಮುಖ. ಲೈಲ್‌ಗೆ ಗೊತ್ತಿದೆಯೇ, ಲೋಟ ನಿಂತಿತು, ಗೊತ್ತಿರಬೇಕು, ಗೊತ್ತಿಲ್ಲದವನು ಅಷ್ಟು ಹೊತ್ತು ಖಾಲಿ ಲೋಟ ತಿರುಗಿಸುವುದಿಲ್ಲ.

ಆದರೆ ಅದಕ್ಕಿಂತ ದೊಡ್ಡದು ಇನ್ನೊಂದಿದೆ, ಅದು ಲೈಲ್‌ನದಲ್ಲ, ಹಾಪ್ಟ್‌ನದೂ ಅಲ್ಲ, ಆಗಸ್ಟ್ ತಿಂಗಳ ಉರಿಬಿಸಿಲು, ಪ್ರೂಯಿಟ್ ಬಂದು ಹನ್ನೊಂದು ದಿನ, ಅಭ್ಯಾಸ ಮುಗಿಸಿ ಬೆವರು ಸುರಿಸುತ್ತಾ ಅವಳ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದ, ಮೇಡಂ, ವಿಚಿತ್ರ ನೋಡಿ, ಸಮ ಯಾವ ಕಡೆ ಅಂತ ಕೇಳಿದ್ರೆ ಅರ್ಧ ಹುಡುಗರು ಮೊದಲು ಎಡಕ್ಕೆ ಕೈ ತೋರಿಸಿ ಆಮೇಲೆ ಸರಿಮಾಡ್ಕೋತಾರೆ, ಯಾಕೆ ಅಂತ ಗೊತ್ತಾಯ್ತು, ನಂದೇನೂ ಹಟ ಇಲ್ಲ, ಆಟದ ಪುಸ್ತಕ ಎಲ್ಲ ತಿದ್ದಿ ಊರಿನ ರೀತೀನೇ ಇಟ್ಕೊಂಡ್ಬಿಡೋಣ್ವಾ. ಎಷ್ಟು ಸುಲಭದ ಪ್ರಶ್ನೆ. ಅವಳು ಕಾಗದದಿಂದ ತಲೆ ಎತ್ತದೆ ಹೇಳಿದ್ದಳು, ಬೇಡ ಕೋಚ್, ನೀವು ಹೋದ ಮೇಲೆ ಬರೋರಿಗೆ ಕಷ್ಟ ಆಗುತ್ತೆ. ನೀವು ಹೋದ ಮೇಲೆ. ಅವನು ಒಂದು ಕ್ಷಣ ನಿಂತ, ಸರಿ ಮೇಡಂ ಅಂದ, ಹೋದ. ಬಂದು ಹನ್ನೊಂದು ದಿನಕ್ಕೆ ಅವನನ್ನು ಕಳಿಸಿಬಿಟ್ಟಿದ್ದಳು, ಊರು ಇವತ್ತು ಮಾಡಹೊರಟಿರುವುದನ್ನು ಅವಳು ಆಗಸ್ಟ್‌ನಲ್ಲೇ ಮಾಡಿ ಮುಗಿಸಿದ್ದಳು, ಐದು ವಾರದಿಂದ ನಿದ್ದೆ ಕೆಡಿಸುತ್ತಿರುವುದು ಅದೇ, ಆ ಮೂರು ಮಾತು.

ಒಂಬತ್ತನೇ ವಿಷಯ, ಅಂದ ರಸ್, ಕ್ರೀಡಾ ಮುಖ್ಯಸ್ಥೆಯ ಶಿಫಾರಸು ಏನು, ಮಾರ್ಲಿಸ್, ಚಿಕ್ಕದಾಗಿ ಹೇಳು. ಬೆಂಚಿನಿಂದ ಏಳಲು ಮೊಣಕಾಲು ಕರಕರ ಎಂದಿತು, ಮೈಕು ಅವಳಿಗೆ ಎತ್ತರವಾಯಿತು, ಬಗ್ಗಿಸಿದಳು, ಅದು ಕಿರುಚಿತು, ಕಿರುಚಲಿ. ಶಿಫಾರಸು ಮಾಡ್ತೀನಿ ರಸ್, ಕೋಚ್ ಪ್ರೂಯಿಟ್ ಇರಬೇಕು. ಗುಜುಗುಜು. ರಸ್ ಕನ್ನಡಕ ತೆಗೆದ, ನಾವು ಹೊರಗೆ ಮಾತಾಡಿದ್ದು, ಎಂದ. ನೀನು ಮಾತಾಡಿದ್ದು ಕಣೋ, ನಾನು ಕೇಳಿಸಿಕೊಂಡೆ ಅಷ್ಟೇ, ನನ್ನ ಕಾಗದ ಮಾರ್ಚ್‌ನಲ್ಲಿ ನಿಮ್ಮ ಮೇಜಿಗೆ ಬರುತ್ತೆ ಅಂತ ನೆನಪು ಮಾಡಿದ್ಯಲ್ಲ, ಅದನ್ನ ಇವರೆಲ್ಲ ಕೇಳ್ಲಿ ಅಂತ ಇನ್ನೊಂದ್ಸಲ ಹೇಳ್ದೆ. ಯಾರೋ ಉಸಿರೆಳೆದುಕೊಂಡರು, ಹೂವಿನ ಅಂಗಡಿಯಾಕೆ ಸರಿಯಾಗಿ ಹೇಳ್ದೆ ಅಂದಳು, ರಸ್‌ನ ಕಿವಿ ಕೆಂಪಾಯಿತು, ಅವನು ಗಡಿಯಾರ ತಿರುಗಿಸಿಟ್ಟ, ಮೂರೇ ನಿಮಿಷ, ಅಂದ. ಸಾಕು. ಆ ಆಟದ ವಿಷಯ ಮಾತಾಡಲ್ಲ ನಾನು, ಅದರ ಬಗ್ಗೆ ಕೋಚ್ ಏನು ಹೇಳಬೇಕೋ ಹೇಳಿದಾರೆ. ನನ್ನ ವಿಷಯ ಹೇಳ್ತೀನಿ. ಮೀಡ್‌ನ ಕಳಿಸಿದ್ದು ನಾನು, ಇಲ್ಲೇ ನಿಂತು, ತಪ್ಪು ಅಂತ ಗೊತ್ತಿದ್ದೂ. ಆಗಸ್ಟ್‌ನಲ್ಲಿ ಈತ ಬಂದು ಕೇಳಿದ್ರು, ನಿಮ್ಮೂರಲ್ಲಿ ಸಮ ಅಂದ್ರೆ ಎಡ ಅಂತೆ, ನಾನೇ ನಿಮ್ಮ ಹಾಗೆ ಬದಲಾಯಿಸ್ಕೊಳ್ಳಲಾ ಅಂತ. ಹೇಳಬಾರದ್ದರ ಅಂಚಿಗೆ ಬಂದಿದ್ದೇನೆ, ಇದಕ್ಕಿಂತ ಒಂದು ಹೆಜ್ಜೆ ಮುಂದಿಟ್ಟರೆ ಆಣೆ ಮುರಿದ ಹಾಗೆ, ಲೈಲ್‌ನ ಕಡೆ ನೋಡಬಾರದು, ನೋಡಲಿಲ್ಲ, ಲೋಟದ ಸದ್ದು ಮಾತ್ರ ನಿಂತದ್ದು ತಿಳಿಯಿತು. ಬೇಡ ಅಂದೆ ನಾನು, ನೀವು ಹೋದ ಮೇಲೆ ಬರೋರಿಗೆ ಕಷ್ಟ ಆಗುತ್ತೆ ಅಂದೆ, ಬಂದು ಹನ್ನೊಂದು ದಿನ ಆಗಿತ್ತು ಆ ಮನುಷ್ಯ, ಹೆಂಡತಿ ಇನ್ನೂ ಪಾತ್ರೆ ಪೆಟ್ಟಿಗೆಯಿಂದ ತೆಗೆದಿರಲಿಲ್ಲ. ನಮ್ಮ ಮಕ್ಕಳಿಗೆ ನಾಲ್ಕು ವರ್ಷದಲ್ಲಿ ನಾಲ್ಕು ಜನ ಬಂದು ನಾಲ್ಕು ಥರ ಹೇಳಿಕೊಟ್ರು, ಐದನೆಯೋನು ಬಂದು ಐದನೇ ಥರ ಹೇಳ್ತಾನೆ, ಅವನು ಗೆಲ್ಲಲಿಲ್ಲ ಅಂತ ಮತ್ತೆ ಇಲ್ಲೇ ಸೇರ್ತೀರಿ, ಬನ್ನು ಚೆನ್ನಾಗಿದೆ, ನಂಗೊತ್ತು. ನಗು ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಕೇಳಿ, ಐದನೆಯವನನ್ನು ನಾನು ಹುಡುಕಲ್ಲ. ಜಾಹೀರಾತು ಬರೆಯಲ್ಲ, ಫೋನು ಮಾಡಲ್ಲ, ಈ ಊರು ಒಳ್ಳೇದು ಬನ್ನಿ ಅಂತ ಇನ್ನೊಬ್ಬ ಕೋಚ್‌ನ ಹೆಂಡತಿಗೆ ಸುಳ್ಳು ಹೇಳಲ್ಲ. ಹುಡುಕಬೇಕು ಅಂದ್ರೆ ಮೊದಲು ನನ್ನ ಜಾಗಕ್ಕೆ ಹುಡುಕಿ. ಹಿಂದಿನಿಂದ ಹಾಪ್ಟ್‌ನ ಕೆಮ್ಮು, ಆಮೇಲೆ ಅವನ ಗೊಗ್ಗರು ದನಿ, ಕುಚೆರಾ ಹುಡುಗಿ, ಸಮ ಅಂದ್ರೆ ಬಲಾನೇ, ಮೊದಲನೇ ದಿನಾನೇ ಗೊತ್ತಿತ್ತು ನಂಗೆ, ಅಂದ, ಇಡೀ ಸಭೆ ಅವನ ಕಡೆ ತಿರುಗಿತು, ಮುದುಕ ಕೋಲಿನ ಮೇಲೆ ಗಲ್ಲ ಊರಿ ನೆಲ ನೋಡುತ್ತಿದ್ದ. ಗಡಿಯಾರ ಗಂಟೆ ಹೊಡೆಯಿತು, ಅವಳು ಕೂತಳು, ನಾಲಿಗೆ ತಡವರಿಸಲಿಲ್ಲವಲ್ಲ, ಸಾಕು.

ಮುಂದುವರಿಸಬಾರದು ಅನ್ನೋರು ಬಲಗೈ ಎತ್ತಿ, ಅಂದ ರಸ್, ಎಲ್ಲರಿಗಿಂತ ಮೊದಲು ಅವನದೇ ಎದ್ದಿತು, ಪಕ್ಕದಲ್ಲಿ ಟ್ರಾಕ್ಟರ್‌ನವನ ತಮ್ಮ, ಎರಡು, ಆಚೆ ತುದಿಯಲ್ಲಿ ಬ್ಯಾಂಕಿನಾತ ಅರ್ಧ ಎತ್ತಿ ಇಳಿಸಿ ಮತ್ತೆ ಎತ್ತಿದ, ಮೂರು, ಹಲ್ಲಿನ ಡಾಕ್ಟರಮ್ಮ ಕೈ ಕಟ್ಟಿ ಕೂತಳು, ಪಾದ್ರಿಯ ಹೆಂಡತಿ ತನ್ನ ಪೆನ್ನನ್ನೇ ನೋಡುತ್ತಿದ್ದಾಳೆ, ಹಂದಿ ಸಾಕುವ ಮುದುಕ ಇಲ್ಲ ಎಂದು ತಲೆಯಾಡಿಸಿದ, ಮೂರು ಮೇಲೆ, ಮೂರು ಕೆಳಗೆ, ಉಳಿದದ್ದು ಲೈಲ್. ಲೈಲ್, ಅಂದ ರಸ್, ಎತ್ತಿದ ಕೈಯನ್ನು ಇಳಿಸದೆ, ನಿನ್ನ ಮಗನಿಗೇ ಆಗಿದ್ದಲ್ವೋ ಅನ್ಯಾಯ, ಬೇಗ. ಲೋಟ ಪಕ್ಕಕ್ಕೆ ಸರಿದಿತ್ತು, ಬಲಗೈ ಮೇಜಿನ ಮೇಲೆ ಚಪ್ಪಟೆಯಾಗಿ ಬಿದ್ದಿತ್ತು, ಅದರ ಬೆರಳುಗಳು ಮೇಲೇಳುವಂತೆ ಅಲುಗಿದವು, ಆಗ ಎಡಗೈ ಬಂದು ಅದರ ಮೇಲೆ ಕೂತಿತು. ರಸ್ ಕಾದ, ಇನ್ನೂರು ಜನ ಕಾದರು, ಲೈಲ್‌ನ ಮುಖ ನೋಡಲು ಅವಳಿಗೆ ಧೈರ್ಯ ಬರಲಿಲ್ಲ, ಕೈಗಳನ್ನೇ ನೋಡಿದಳು. ಇದು ಕೋಚ್ ಹೇಳಿಕೊಟ್ಟಿದ್ದಲ್ಲ ರಸ್, ಅಂದ ಲೈಲ್. ಮೂರಕ್ಕೆ ನಾಲ್ಕು, ಅಂದ ರಸ್ ತಡವಾಗಿ, ಕೋಚ್ ಇರ್ತಾರೆ, ಹತ್ತನೇ ವಿಷಯ ಬಸ್ಸಿನ ಟೈರು. ಬೆಂಚುಗಳು ಕಿರ್ರೆಂದವು, ಯಾರೋ ಬೈದರು, ಯಾರೋ ಅವಳ ಬೆನ್ನು ತಟ್ಟಿದರು, ಜೆನೆಲ್‌ಗೆ ಫೋನ್ ಮಾಡಬೇಕು, ಮೊಳೆ ಕೀಳಬೇಡ ಅನ್ನಬೇಕು, ಬಸ್ಸು ಅರವತ್ತು ಮೈಲಿ ಆಚೆಯಿಂದ ಈ ಕಡೆ ತಿರುಗುವ ಹೊತ್ತು, ಮಾರ್ಚ್ ಬರಲಿ, ಬರಲಿ ಬಿಡು, ನೋಡೋಣ, ಎದ್ದು ಹೋಗಬೇಕು, ಏಳಲಾಗುತ್ತಿಲ್ಲ, ಜನ ಚದುರಿ ಜಾಗವಾದಂತೆ ಅವನು ಸ್ಪಷ್ಟವಾಗಿ ಕಾಣಿಸುತ್ತಿದ್ದಾನೆ, ಲೈಲ್ ಎದ್ದಿಲ್ಲ, ಮತ ಮುಗಿದರೂ ಕೈ ಬಿಟ್ಟಿಲ್ಲ, ಎಣ್ಣೆಗಪ್ಪಿನ ಆ ಎಡಗೈ, ಉಗುರುಗಳು ಬಿಳಿಚುವಷ್ಟು ಬಿಗಿಯಾಗಿ, ಬಲಗೈಯನ್ನು ಮೇಜಿಗೆ ಅದುಮಿ ಹಿಡಿದೇ ಇದೆ, ಅದುಮಿ ಹಿಡಿದೇ ಇದೆ.